ಅಳತೆಗೆ ತಕ್ಕ ಕೊಳೆ

ದುಡ್ಡು ಕೊಟ್ಟು ಮನೆಗೆ ಧೂಳು ತರಿಸಿಕೊಳ್ಳುವವನು ನಮ್ಮ ಬೀದಿಯಲ್ಲಿ ನಾನೊಬ್ಬನೇ ಇರಬೇಕು. ಹೆಬ್ಬೆರಳು ಗಾತ್ರದ ಶೀಶೆಗಳಲ್ಲಿ ಬರುತ್ತದೆ. ಒಂದರ ಮೇಲೆ ‘ಹೊಸ ತುಕ್ಕು’ ಎಂದು ಚೀಟಿ, ಇನ್ನೊಂದರ ಮೇಲೆ ‘ಹಳೇ ತುಕ್ಕು’. ಹಳಿಯ ಧೂಳು, ಇಂಜಿನ್ ಜಿಡ್ಡು, ಹೊಗೆ ಮಸಿ ಎಲ್ಲಕ್ಕೂ ಬೇರೆ ಬೇರೆ ಶೀಶೆ. ಒಂದೊಂದಕ್ಕೂ ಕೆಲವು ನೂರು ರೂಪಾಯಿ. ಹಳೇ ತುಕ್ಕಿಗೂ ಹೊಸ ತುಕ್ಕಿಗೂ ಒಂದೇ ಬೆಲೆ ಯಾಕೆ ಎಂಬುದು ನನ್ನ ಹೆಂಡತಿಯ ಮೊದಲ ತಕರಾರು. “ಹಳೇದು ಅಂದ್ಮೇಲೆ ಕಮ್ಮಿಗೆ ಕೊಡ್ಬೇಕಲ್ವೇನ್ರೀ?” ನಮ್ಮ ಬಾಲ್ಕನಿಯ ಗ್ರಿಲ್ಲಿನಲ್ಲಿ ಎರಡೂ ಬಗೆಯದು ಧಾರಾಳವಾಗಿರುವಾಗ ಕೊರಿಯರ್‌ನಲ್ಲಿ ತರಿಸುವುದೇಕೆ ಎಂಬುದು ಎರಡನೆಯ ತಕರಾರು. ಮೊದಲನೆಯದಕ್ಕೆ ನನ್ನಲ್ಲಿ ಉತ್ತರವಿಲ್ಲ. ಎರಡನೆಯದಕ್ಕೆ ಇದೆ: ಗ್ರಿಲ್ಲಿನ ತುಕ್ಕು ಅಳತೆಗೆ ದಪ್ಪ.

ನಾನು ರೈಲು ಇಂಜಿನ್ನುಗಳ ಮಾದರಿ ಮಾಡುತ್ತೇನೆ. ಎಚ್‌ಓ ಎಂಬ ಅಳತೆ, ಅಂದರೆ ನಿಜದ 87ರಲ್ಲಿ ಒಂದು ಭಾಗ. ಹೊಸದಾಗಿ ಬಣ್ಣ ಹೊಡೆದ ಮಾದರಿ ಥಳಥಳ ಹೊಳೆಯುತ್ತದೆ. ನೋಡಿದವರೆಲ್ಲ “ಎಷ್ಟು ಮುದ್ದಾಗಿದೆ” ಅನ್ನುತ್ತಾರೆ. ಆ ಮಾತು ಕೇಳಿದೊಡನೆ ನಮ್ಮಂಥವರ ಎದೆ ಧಸಕ್ಕೆನ್ನುತ್ತದೆ. 112.8 ಟನ್ ತೂಗುವ ಇಂಜಿನ್ ಮುದ್ದಾಗಿರುವುದುಂಟೆ? ಅದಕ್ಕೆ ವರ್ಷಗಟ್ಟಲೆಯ ಬಿಸಿಲು, ಮಳೆ, ಹೊಗೆ, ಎಣ್ಣೆ, ಗಾಡಿ ಓಡಿಸಿದವರ ಅಂಗೈ ಬೆವರು ಎಲ್ಲವನ್ನೂ ಕುಂಚದಲ್ಲಿ ಬಳಿದು, ನೋಡಿದವರು “ಅಯ್ಯೋ, ಇದೇನು ಹೀಗಿದೆ” ಅನ್ನುವ ಮಟ್ಟಕ್ಕೆ ತರಬೇಕು. ವೆದರಿಂಗ್ ಎನ್ನುವುದು ಇದನ್ನೇ. ಮಿಕ್ಕೆಲ್ಲ ಹವ್ಯಾಸಗಳಲ್ಲಿ ಕೆಲಸ ಮುಗಿದ ಮೇಲೆ ಒರೆಸಿಡುತ್ತಾರೆ. ನಮ್ಮದರಲ್ಲಿ ಒರೆಸಿಟ್ಟ ಮೇಲೆ ಕೆಲಸ ಶುರು.

ಈ ಸಲ ನಾನು ಹಿಡಿದದ್ದು ನನ್ನ ಸೋದರಮಾವನ ಇಂಜಿನ್ನು. ಮಾವ ಅರಸೀಕೆರೆಯಲ್ಲಿದ್ದಾರೆ. ರೈಲ್ವೆಯಲ್ಲಿ ಡ್ರೈವರಾಗಿದ್ದು 2006ರಲ್ಲಿ ನಿವೃತ್ತರಾದವರು. ಮೀಟರ್‌ಗೇಜಿನ ಕಾಲದಲ್ಲಿ ಸೇರಿ, ಬ್ರಾಡ್‌ಗೇಜ್ ಬಂದ ಮೇಲೆ ಕೃಷ್ಣರಾಜಪುರ ಶೆಡ್ಡಿನ ಡಬ್ಲ್ಯೂಡಿಎಂ-2 ಹತ್ತಿ, ಕೊನೆಯವರೆಗೂ ಅದರಿಂದ ಇಳಿಯಲಿಲ್ಲ. ಆ ಹೆಸರಿನ ಅಕ್ಷರಗಳಿಗೆ ಕ್ರಮವಾಗಿ ಅಗಲ ಹಳಿ, ಡೀಸೆಲ್, ಪ್ರಯಾಣಿಕರನ್ನೂ ಸರಕನ್ನೂ ಎಳೆಯುವ ಮಿಶ್ರ ಕೆಲಸ ಎಂದರ್ಥ. ಮಾವ ಇಷ್ಟುದ್ದ ಹೇಳುವವರಲ್ಲ, ಅವರ ಬಾಯಲ್ಲಿ ಅದು ಬರೀ “ಆಲ್ಕೋ”. ಅಮೆರಿಕದ ಸ್ಕೆನೆಕ್ಟಡಿಯಲ್ಲಿದ್ದ ಆಲ್ಕೋ ಕಂಪನಿ 1962ರಲ್ಲಿ ನಮಗೆ ಈ ಜಾತಿಯನ್ನು ಕಳಿಸಿತು. 1964ರ ಜನವರಿಯಲ್ಲಿ ವಾರಾಣಸಿಯ ಕಾರ್ಖಾನೆಯಿಂದ ಇಲ್ಲಿಯದೇ ಮೊದಲ ಇಂಜಿನ್ ಹೊರಬಂತು. 1969ರಲ್ಲಿ ಆಲ್ಕೋ ಇಂಜಿನ್ ತಯಾರಿಕೆಯನ್ನೇ ನಿಲ್ಲಿಸಿತು. ವಾರಾಣಸಿಯವರು ಮಾತ್ರ ನಿಲ್ಲಿಸದೆ, ತೊಂಬತ್ತರ ದಶಕದವರೆಗೂ ಅದೇ ಹದಿನಾರು ಸಿಲಿಂಡರಿನ, 2600 ಅಶ್ವಶಕ್ತಿಯ ಗಾಡಿಯನ್ನು ಸಾವಿರಗಟ್ಟಲೆ ಮಾಡಿದರು. ಮಾವನ ಪ್ರಕಾರ ಅಮೆರಿಕದವರು ಕೈಬಿಟ್ಟಿದ್ದು ಇಂಜಿನ್ನಿನ ದೋಷದಿಂದಲ್ಲ, ಅವರಿಗೆ ಓಡಿಸಲು ಬರುತ್ತಿರಲಿಲ್ಲ.

ನಿಜದ ಒಂದು ಇಂಜಿನ್ನಿಗೆ ಹೊಂದುವ ಹಾಗೆ ಮಾದರಿ ಮಾಡಬೇಕಾದರೆ ಮೊದಲು ಬೇಕಾದದ್ದು ಫೋಟೋ. ಡಬ್ಲ್ಯೂಡಿಎಂ-2 ಎಂದರೆ ಎಲ್ಲ ಒಂದೇ ಅಲ್ಲ. ಕೆಲವಕ್ಕೆ ಮುಂದಿನ ಗಿಡ್ಡ ಹುಡ್ ಇನ್ನೂ ತಗ್ಗಿಸಿ, ಕಿಟಕಿ ದೊಡ್ಡದಾಗಿಸಿ ‘ಜಂಬೋ’ ಮಾಡಿದ್ದರು. ಶೆಡ್ಡಿನಿಂದ ಶೆಡ್ಡಿಗೆ ಬಣ್ಣ ಬೇರೆ, ದೀಪ ಕೂರಿಸಿದ ಜಾಗ ಬೇರೆ. ಮಾವನ ಬಳಿ ತಮ್ಮ ಇಂಜಿನ್ನಿನದು ಇರುವುದು ಒಂದೇ ಫೋಟೋ, ನಿವೃತ್ತಿಯ ದಿನ ಪ್ಲಾಟ್‌ಫಾರ್ಮಿನಲ್ಲಿ ತೆಗೆದದ್ದು. ಮಧ್ಯದಲ್ಲಿ ಹಾರ ಹಾಕಿಕೊಂಡ ಮಾವ. ಸುತ್ತ ನಮ್ಮ ವಂಶವೃಕ್ಷ. ಇಂಜಿನ್ನು ನಮ್ಮೆಲ್ಲರ ಹಿಂದೆ ಇದೆ ಎಂದು ನಂಬಿಕೆಯಿಂದ ಹೇಳಬಹುದು. ಐದು ಅಂಕಿಯ ಸಂಖ್ಯೆಯಲ್ಲಿ ಮೊದಲಿನ ‘16’ ಕಾಣುತ್ತದೆ, ಉಳಿದ ಮೂರನ್ನು ಚಿಕ್ಕಮ್ಮನ ತುರುಬು ನುಂಗಿದೆ. ಎಡಗಡೆಯ ಬಫರಿನ ಮೇಲೆ ಯಾರದೋ ಮಗು ಕೂತಿದೆ. ಅದು ನಾನಲ್ಲ, ನನಗಾಗ ಮದುವೆಯಾಗಿತ್ತು.

“ನಂಬರ್ ಎಷ್ಟು ಮಾವ?” ಎಂದು ಫೋನ್ ಮಾಡಿದೆ.

“ಹೆಂಡ್ತಿ ನಂಬರ್ ಯಾರಾದ್ರೂ ಇಟ್ಕೋತಾರೇನೋ? ನೋಡಿದ್ರೆ ಗೊತ್ತಾಗುತ್ತೆ.”

ಫೋಟೋ ವಿಷಯದಲ್ಲಿ ಇನ್ನೊಂದು ಮಾತು. ಜನ ಇಂಜಿನ್ನನ್ನು ಮುಂದಿನಿಂದ ತೆಗೆಯುತ್ತಾರೆ, ಬಿಸಿಲು ಬಿದ್ದ ಪಕ್ಕದಿಂದ ತೆಗೆಯುತ್ತಾರೆ. ನೆರಳಿನ ಪಕ್ಕವನ್ನು ಯಾರೂ ತೆಗೆಯುವುದಿಲ್ಲ, ಮೇಲ್ಭಾಗವನ್ನಂತೂ ಕೇಳಲೇಬೇಡಿ. ಮಾದರಿಯನ್ನು ನಾವು ನೋಡುವುದೋ, ಮೇಜಿನ ಮೇಲಿಟ್ಟು ಮೇಲಿನಿಂದಲೇ! ಅದಕ್ಕಾಗಿ ಈ ಜಾತಿಯ ಇಂಜಿನ್ನುಗಳು ಇನ್ನೂ ಓಡಾಡುತ್ತಿದ್ದ ಕಾಲದಲ್ಲಿ ನಾನು ಒಂದು ಜಂಕ್ಷನ್ನಿನ ಕಾಲ್ಸೇತುವೆಯ ಮೇಲೆ ಕ್ಯಾಮೆರಾ ಹಿಡಿದು ಬಗ್ಗಿ ನಿಲ್ಲುತ್ತಿದ್ದೆ. ಒಬ್ಬ ಪೊಲೀಸಪ್ಪ ಬಂದು ಏನು ತೆಗೀತಾ ಇದ್ದೀರಿ ಎಂದ. “ಮಸಿ ಸಾರ್” ಎಂದೆ. ಆತ ನನ್ನ ಮುಖ ನೋಡಿದ, ಕೆಳಗೆ ನೋಡಿದ, ಮತ್ತೆ ನನ್ನ ಮುಖ ನೋಡಿದ. “ಅಲ್ಲಿ ನೋಡಿ ಸಾರ್, ಹೊಗೆಗೂಡಿನ ಈಚೆಗೂ ಇದೆ, ಆಚೆಗೂ ಇದೆ. ಎರಡೂ ದಿಕ್ಕಿಗೆ ಓಡೋ ಗಾಡಿ ಅಲ್ವಾ, ಅದಕ್ಕೆ.” ಆತ ಕಠಿಣವಾದದ್ದೇನೋ ಹೇಳಬೇಕೆಂದಿದ್ದವನು ರೇಲಿಂಗಿಗೆ ಒರಗಿ ಸ್ವಲ್ಪ ಹೊತ್ತು ತಾನೂ ನೋಡಿದ. “ಹೌದಲ್ರೀ” ಎಂದ. ದೇಶಕ್ಕೆ ನನ್ನಿಂದ ಅಪಾಯವಿಲ್ಲ, ನನ್ನ ಮನೆಯವರಿಗೆ ಮಾತ್ರ ಇದೆ ಎಂದು ತೀರ್ಮಾನಿಸಿ ಹೋದನೆಂದು ಕಾಣುತ್ತದೆ.

ಇನ್ನು ಕಟ್ಟುವ ಕೆಲಸ. ಮೈಯನ್ನು ತ್ರೀಡಿ ಪ್ರಿಂಟ್ ಮಾಡಿಸಿದೆ. 17.12 ಮೀಟರ್ ಉದ್ದದ ಇಂಜಿನ್ನು 87ರಿಂದ ಭಾಗವಾಗಿ ಇಪ್ಪತ್ತು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ ಬಂತು. ಅಡಿಗೆ ಅಮೆರಿಕದ ಹಳೆಯ ಆಲ್ಕೋ ಮಾದರಿಯೊಂದರ ಮೋಟರು, ಚಕ್ರ. ಈ ಗಾಡಿಯ ಬೋಗಿಗೆ, ಅಂದರೆ ಚಕ್ರ ಕೂರಿಸಿದ ಚೌಕಟ್ಟಿಗೆ, ಮೂರು ಜೊತೆ ಚಕ್ರ, ಅವುಗಳ ನಡುವಿನ ಅಂತರ ಸಮವಲ್ಲ. ಎರಡು ಹತ್ತಿರ ಹತ್ತಿರ, ಮೂರನೆಯದು ದೂರ. ಕಂಪನಿಯೇ ಹಾಗೆ ಮಾಡಿದ್ದು. ಮನೆಗೆ ಬಂದವರೆಲ್ಲ ಇದೊಂದನ್ನು ತಪ್ಪದೆ ಕಂಡುಹಿಡಿದು, “ಚಕ್ರ ಸ್ವಲ್ಪ ಸರಿದುಬಿಟ್ಟಿದೆ ಅನ್ಸುತ್ತೆ” ಎಂದು ನನಗೆ ನೋವಾಗದ ಹಾಗೆ ಹೇಳುತ್ತಾರೆ. ಕೈಹಿಡಿ ಕಂಬಿಗಳಿಗೆ 0.4 ಮಿಲಿಮೀಟರಿನ ಹಿತ್ತಾಳೆ ತಂತಿ. ಅದು ನಿಜದಲ್ಲಿ 35 ಮಿಲಿಮೀಟರ್ ದಪ್ಪದ ಕಂಬಿಯಾಗುತ್ತದೆ, ಒಪ್ಪಬಹುದು. ಬ್ರೇಕಿನ ಗಾಳಿ ಕೊಳವೆ, ಹಾರ್ನು, ಮುಂದಿನ ದನಕಾಪು, ಮೆಟ್ಟಿಲು, ಕಿಟಕಿಯ ಒರೆಸುಕಡ್ಡಿ ಎಲ್ಲವನ್ನೂ ಚಿಮುಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಕೂರಿಸಬೇಕು. ಒಂದು ಸೀನು ಬಂದರೆ ಹಾರ್ನು ಜಮಖಾನದ ಪಾಲು. ಜಮಖಾನದಲ್ಲಿ ಕಳೆದದ್ದು ಸಿಕ್ಕಿದ ಉದಾಹರಣೆ ಈ ಹವ್ಯಾಸದ ಚರಿತ್ರೆಯಲ್ಲಿಲ್ಲ.

ಇಷ್ಟೆಲ್ಲ ನಿಖರತೆಯ ತಳದಲ್ಲೇ ಒಂದು ದೊಡ್ಡ ಸುಳ್ಳು ಕೂತಿದೆ. ನಮ್ಮ ಅಗಲ ಹಳಿಯ ಅಂತರ 1676 ಮಿಲಿಮೀಟರ್. 87ರಿಂದ ಭಾಗಿಸಿದರೆ 19.3 ಬರಬೇಕು. ಆದರೆ ಎಚ್‌ಓ ಹಳಿ ಪ್ರಪಂಚದಾದ್ಯಂತ 16.5 ಮಿಲಿಮೀಟರ್, ಯುರೋಪು ಅಮೆರಿಕಗಳ ಹಳಿಗೆ ಹೊಂದುವ ಲೆಕ್ಕ ಅದು. ವ್ಯತ್ಯಾಸ ಮೂರು ಮಿಲಿಮೀಟರ್ ಕೂಡ ಇಲ್ಲ, ಆದರೆ ನಿಜದ ಅಳತೆಗೆ ಹಿಗ್ಗಿಸಿದರೆ ಒಂದು ಗೇಣು. ರಿವೆಟ್ ಎಣಿಸುವ ಗೆಳೆಯರು ನಮ್ಮಲ್ಲಿದ್ದಾರೆ, ಬಾನೆಟ್ಟಿನ ಬಾಗಿಲಿಗೆ ಒಂದು ಬೋಲ್ಟು ಕಡಿಮೆಯಿದ್ದರೆ ಊಟ ಬಿಡುವವರು. ಅವರೂ ಈ ಒಂದು ಗೇಣನ್ನು ಮಾತ್ರ ಕಂಡೂ ಕಾಣದವರ ಹಾಗೆ ಇರುತ್ತಾರೆ. ಎಲ್ಲ ಸಂಪ್ರದಾಯಸ್ಥ ಮನೆಗಳಲ್ಲೂ ಇಂಥದೊಂದು ವಿಷಯ ಇರುತ್ತದೆ.

ಬಣ್ಣ ಹೊಡೆದೆ. ಕೆಂಪು ಮೈ, ನಡುವೆ ಕೆನೆಬಣ್ಣದ ಪಟ್ಟಿ. ಇಲ್ಲಿಗೆ ಸಾಧಾರಣ ಕೆಲಸ ಮುಗಿಯಿತು. ಶೀಶೆಗಳ ಮುಚ್ಚಳ ತೆಗೆದೆ.

ಹೊಸಬರು ವೆದರಿಂಗ್ ಎಂದೊಡನೆ ತುಕ್ಕು ಬಳಿಯುತ್ತಾರೆ. ಕಂದು, ಕಿತ್ತಳೆ, ಮತ್ತಷ್ಟು ಕಂದು. ಕೊನೆಗೆ ಇಂಜಿನ್ನು ಸಮುದ್ರದ ತಳದಿಂದ ಎತ್ತಿ ತಂದಂತೆ ಕಾಣುತ್ತದೆ. ದಿನಾ ಓಡುವ ಗಾಡಿಗೆ ಅಷ್ಟು ತುಕ್ಕು ಹಿಡಿಯುವುದಿಲ್ಲ. ನೀರು ನಿಲ್ಲುವ ಮೂಲೆಯಲ್ಲಿ, ಬಣ್ಣ ಎದ್ದ ಅಂಚಿನಲ್ಲಿ ಚೂರು ಕಾಣಬಹುದು, ಅಷ್ಟೆ. ಬೋಗಿಯ ಸುತ್ತ ಕಾಣುವ ಕಂದುಬಣ್ಣ ಇಂಜಿನ್ನಿನ ತುಕ್ಕೇ ಅಲ್ಲ. ಎರಕದ ಕಬ್ಬಿಣದ ಬ್ರೇಕ್ ಕಟ್ಟೆಗಳು ಚಕ್ರಕ್ಕೆ ಉಜ್ಜಿ ಸವೆದು ಉದುರಿಸಿದ ಪುಡಿ ಹಾರಿ ಅಂಟಿಕೊಂಡು, ಆಮೇಲೆ ತುಕ್ಕಾದದ್ದು. ಚಕ್ರದ ಮುಂದೆ ಮರಳು ಬಿಡುವ ಕೊಳವೆ ಇರುತ್ತದೆ. ಚಕ್ರ ಜಾರಿದಾಗ ಡ್ರೈವರು ಹಳಿಯ ಮೇಲೆ ಮರಳು ಉದುರಿಸುತ್ತಾನೆ. ಹೀಗಾಗಿ ಅಲ್ಲಿ ಕಂದಿನ ಮೇಲೆ ಮಾಸಲು ಬಿಳುಪು. ಹೊಟ್ಟೆಯ ಕೆಳಗೆ 5000 ಲೀಟರಿನ ಡೀಸೆಲ್ ಟ್ಯಾಂಕು. ತುಂಬಿಸುವಾಗ ಚೆಲ್ಲಿದ್ದು ಇಳಿದ ಜಾಗ ಕಪ್ಪಗೆ ಮಿರಮಿರ ಮಿಂಚುತ್ತದೆ. ಮೈಯೆಲ್ಲ ಮಂಕಾಗಿರುವಾಗ ಅದೊಂದು ಗೆರೆ ಮಾತ್ರ ಒದ್ದೆಯಾಗಿ ಕಾಣಬೇಕು. ಇನ್ನು ಆಲ್ಕೋ ಹೊಗೆ! ಡ್ರೈವರು ನಾಚ್, ಅಂದರೆ ಶಕ್ತಿಯ ಹಿಡಿಯನ್ನು ಒಂದು ಮೆಟ್ಟಿಲು, ಏರಿಸಿದೊಡನೆ ಡೀಸೆಲ್ ಹೆಚ್ಚು ನುಗ್ಗುತ್ತದೆ, ಟರ್ಬೋ ವೇಗ ಹಿಡಿದು ಗಾಳಿ ಒದಗಿಸುವುದು ಸ್ವಲ್ಪ ತಡ. ಆ ಸ್ವಲ್ಪ ಹೊತ್ತು ಅರೆಬರೆ ಉರಿದದ್ದೆಲ್ಲ ಕಪ್ಪು ಮೋಡವಾಗಿ ಮೇಲೆದ್ದು, ಆಸುಪಾಸಿನವರ ಒಣಹಾಕಿದ ಪಂಚೆಗಳಿಗೂ ಇಂಜಿನ್ನಿನ ನೆತ್ತಿಗೂ ಸಮನಾಗಿ ಹಂಚಿಹೋಗುತ್ತದೆ.

ಧೂಳಿಗೂ ಊರಿದೆ. ತೋರಣಗಲ್ಲು, ಹೊಸಪೇಟೆಯ ಕಡೆ ಅದಿರು ಎಳೆದ ಇಂಜಿನ್ನಿನ ಮೇಲೆ ಕೆಂಗಂದು ಧೂಳು. ವಾಡಿ, ಶಹಾಬಾದಿನ ಕಡೆಯದಾದರೆ ಸುಣ್ಣದ ಕಲ್ಲಿನ, ಸಿಮೆಂಟಿನ ಬೂದಿಬಣ್ಣ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಘಟ್ಟ ಇಳಿದು ಹತ್ತಿ ಬಂದದ್ದಕ್ಕೆ ಮಳೆನೀರಿನ ಉದ್ದುದ್ದ ಗೆರೆ, ಜೊತೆಗೆ 57 ಸುರಂಗಗಳಲ್ಲಿ ತಾನೇ ಬಿಟ್ಟು ತಾನೇ ಕುಡಿದ ಹೊಗೆ. ಮಾವನದು ಮುಖ್ಯವಾಗಿ ತುಮಕೂರು, ತಿಪಟೂರು, ಅರಸೀಕೆರೆಯ ಸೀಮೆ. ನನ್ನ ಶೀಶೆಗಳಲ್ಲಿ ಯುರೋಪಿನ ಮಣ್ಣು ಇತ್ತು, ಅಮೆರಿಕದ ಮರಳುಗಾಡು ಇತ್ತು, ತಿಪಟೂರು ಇರಲಿಲ್ಲ. ಎರಡು ಕಂದಿಗೆ ಒಂದು ಚಿಟಿಕೆ ಇಟ್ಟಿಗೆ ಕೆಂಪು ಬೆರೆಸಿ, ಬೆಳಕಿಗೆ ಹಿಡಿದು ನೋಡಿ, ಇನ್ನೂ ಸ್ವಲ್ಪ ನೊಣವಿನಕೆರೆ ಕಡೆ ಹೋಯಿತು ಎಂದು ಒಂದು ಚೂರು ಬೂದಿ ಸೇರಿಸಿ, ಅಂತೂ ಊರು ಮುಟ್ಟಿಸಿದೆ.

ಅಳತೆಯ ತೊಂದರೆ ಇಲ್ಲೂ ಬಿಡಲಿಲ್ಲ. ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗದಷ್ಟು ಸಣ್ಣ ಕಣವೂ 87 ಪಟ್ಟು ಹಿಗ್ಗಿದರೆ ರಾಗಿ ಕಾಳು. ನಾನು ನುಣುಪೆಂದು ಉದುರಿಸುವ ಧೂಳೆಲ್ಲ ಆ ಪುಟ್ಟ ಲೋಕದ ಲೆಕ್ಕದಲ್ಲಿ ಜಲ್ಲಿಮಳೆ. ಆದ್ದರಿಂದ ಪುಡಿಗಿಂತ ತೆಳುಬಣ್ಣದ ನೀರು ಮೇಲು. ತುಂಬ ತೆಳುವಾಗಿ ಕದಡಿ ಸವರಿ, ಸಂದುಗಳಲ್ಲಿ ನಿಲ್ಲಲು ಬಿಟ್ಟು, ಉಬ್ಬಿನ ಮೇಲಿನದನ್ನು ಒರೆಸಿ ತೆಗೆಯುವುದು.

ಸವರಿದೆ. ದೂರ ನಿಂತು ನೋಡಿದೆ. ಚೆನ್ನಾಗಿತ್ತು. ಅಷ್ಟರಲ್ಲಿ ಹೆಂಡತಿ ಕಾಫಿ ತಂದಿಟ್ಟು, ಸೆರಗಿನಲ್ಲಿ ಕೈ ಒರೆಸುತ್ತ ನೋಡಿದಳು.

“ಧೂಳು ಹೀಗೆ ಕೂರಲ್ಲ ರೀ.”

“ಮತ್ತೆ ಹೇಗೆ ಕೂರುತ್ತೆ?”

“ಎಲ್ಲಾ ಕಡೆ ಒಂದೇ ಸಮ ಬಳಿದಿದ್ದೀರಿ. ಧೂಳಿಗೆ ಅಷ್ಟು ನಿಯತ್ತಿಲ್ಲ. ಜಿಡ್ಡು ಎಲ್ಲಿದೆಯೋ ಅಲ್ಲಿ ಮೆತ್ತಿಕೊಳ್ಳುತ್ತೆ. ಗಾಳಿ ಎಳೆಯೋ ಕಡೆ ಗೆರೆ ಗೆರೆಯಾಗಿ ಹಿಡಿಯುತ್ತೆ. ಕೈ ಓಡಾಡೋ ಕಡೆ ಹಿಡಿಯಲ್ಲ, ಬದಲಿಗೆ ಕಪ್ಪಗೆ ನುಣ್ಣಗಾಗುತ್ತೆ. ಬನ್ನಿ ತೋರಿಸ್ತೀನಿ.”

ಕೈಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋಗಿ ಎಕ್ಸಾಸ್ಟ್ ಫ್ಯಾನ್ ತೋರಿಸಿದಳು. ನಾನು ಸ್ಟೂಲು ಹತ್ತಿ ನಿಂತು ಬೆರಗಾಗಿ ನೋಡಿದೆ. ಫ್ಯಾನಿನ ಜಾಲರಿಯ ಪ್ರತಿ ರೆಕ್ಕೆಯ ಕೆಳ ಅಂಚಿನಲ್ಲಿ ಜಿಡ್ಡು ಹನಿಗಟ್ಟಿತ್ತು, ಮೇಲಂಚಿನಲ್ಲಿ ಒಣ ಧೂಳು, ಮೂಲೆಯ ಸ್ಕ್ರೂವಿನಿಂದ ಒಂದೇ ಒಂದು ಗೆರೆ ಇಳಿದಿತ್ತು. ರೇಡಿಯೇಟರಿನ ಜಾಲರಿ ತದ್ವತ್ತು ಹೀಗೇ ಇರುತ್ತದೆ! ವಿದೇಶಿ ಪುಸ್ತಕಗಳನ್ನು ಓದಿ, ಕಾಲ್ಸೇತುವೆಯ ಮೇಲೆ ನಿಂತು ನಾನು ಕಲಿಯಲಾಗದ್ದನ್ನು ಇವಳು ಮದುವೆಯಾದಾಗಿನಿಂದ ಶತ್ರುವಾಗಿ ಕಂಡು ಬಲ್ಲಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಕೊಳೆಯ ಇಲಾಖೆ ಅವಳದು. ಡ್ರೈವರಿನ ಬಾಗಿಲ ಪಕ್ಕದ ಕಂಬಿಯನ್ನು ಬೆರಳಿಂದ ಉಜ್ಜಿಸಿ ನುಣ್ಣಗೆ ಮಾಡಿಸಿದಳು. ಮೆಟ್ಟಿಲಿನ ನಡುಭಾಗ ಸವೆಸಿದಳು. ಕ್ಯಾಬಿನ ಕಿಟಕಿಯ ಕೆಳಗೆ ಒಂದು ಸಣ್ಣ ಕೆಂಪು ಗೆರೆ ಇಳಿಸಲೇ ಎಂದು ನಾನು ಕೇಳಿದೆ, ಎಲೆಅಡಿಕೆಯದು. “ಮಾವ ಹಾಕ್ಕೋತಾರಾ?” ಎಂದಳು. ಇಲ್ಲ ಎಂದೆ. “ಮತ್ತೆ ಅವರ ಗಾಡಿ ಮೇಲೆ ಬೇರೆಯವರ ಉಗುಳು ಯಾಕೆ?” ಗೆರೆ ರದ್ದಾಯಿತು. ಫ್ಯಾನನ್ನು ದಸರೆಯವರೆಗೆ ತೊಳೆಯಬಾರದು, ನನಗೆ ನೋಡಿ ಬರೆಯಲು ಬೇಕು ಎಂದು ಕೇಳಿಕೊಂಡೆ. ಇಷ್ಟು ವರ್ಷಗಳಲ್ಲಿ ನನ್ನ ಹವ್ಯಾಸದಿಂದ ಅವಳಿಗಾದ ಏಕೈಕ ಉಪಕಾರ ಅದು.

ಕಡೆಗೆ ಹೊಳಪಿಲ್ಲದ ವಾರ್ನಿಷು ಹೊಡೆದು ಎಲ್ಲವನ್ನೂ ಭದ್ರಪಡಿಸಿದೆ. ಮಾವ ಯಾರದೋ ಮದುವೆಗೆ ಮೈಸೂರಿಗೆ ಬಂದವರು ಮನೆಗೂ ಬಂದರು. ಇಂಜಿನ್ನನ್ನು ಅಂಗೈ ಮೇಲಿಟ್ಟುಕೊಂಡು, ಕನ್ನಡಕ ಹಣೆಗೇರಿಸಿ, ಮೂಗಿನ ಹತ್ತಿರ ಹಿಡಿದರು. ನಾನು ಕಾದೆ. ಮಾವ ಹೆಗಲ ಮೇಲಿನ ಟವಲು ತೆಗೆದು, ತುದಿ ಒದ್ದೆ ಮಾಡಿಕೊಂಡು, ಮಾತಿಲ್ಲದೆ ಇಂಜಿನ್ನಿನ ಪಕ್ಕೆ ಉಜ್ಜತೊಡಗಿದರು. ಏನೂ ಹೋಗಲಿಲ್ಲ. ಇನ್ನೂ ಒತ್ತಿ ಉಜ್ಜಿದರು.

“ಏನೋ ಇದು, ಬಿಡ್ತಾನೇ ಇಲ್ಲ?”

“ವಾರ್ನಿಷ್ ಮಾಡಿದ್ದೀನಿ ಮಾವ.”

“ಕೊಳೆಗೆ ವಾರ್ನಿಷಾ?” ಅವರು ಇಂಜಿನ್ನನ್ನು ಕೆಳಗಿಟ್ಟು ಹೆಂಡತಿಯ ಕಡೆ ತಿರುಗಿದರು. “ನೋಡಮ್ಮಾ, ನನ್ನ ಗಾಡಿ ಮರ್ಯಾದೆ ತೆಗೆದುಬಿಟ್ಟ. ನಾವು ಹಿಂಗಿಟ್ಕೊಂಡಿದ್ವಾ?”

ಹೀಗೇ ಇಟ್ಟುಕೊಂಡಿದ್ದರು ಎಂಬುದಕ್ಕೆ ಕಾಲ್ಸೇತುವೆಯ ಮೇಲಿನಿಂದ ತೆಗೆದ ಸಾಕ್ಷಿಗಳು ನನ್ನಲ್ಲಿದ್ದವು. ಅವರು ಜೇಬಿನಿಂದ ತಮ್ಮ ಸಾಕ್ಷಿ ತೆಗೆದರು: ಅದೇ ನಿವೃತ್ತಿಯ ಫೋಟೋ. ಬಂಧುಗಳ ಸಂದಿಯಲ್ಲಿ ಕಾಣುವ ಬೊಗಸೆಯಷ್ಟು ಇಂಜಿನ್ನು ತೊಳೆದು ಥಳಥಳಿಸುತ್ತಿತ್ತು. ಚೆಂಡುಹೂವಿನ ಹಾರ, ಅರಿಶಿನ ಕುಂಕುಮದ ಬೊಟ್ಟು. ಮಾವನಿಗೆ ನೆನಪಿರುವುದೂ ಈ ಇಂಜಿನ್ನೇ. ಅವರ ಮನಸ್ಸಿನಲ್ಲಿ ಆ ಗಾಡಿಗೆ ವರ್ಷವಿಡೀ ಆಯುಧಪೂಜೆ. ನನ್ನ ಪುಸ್ತಕಗಳೂ ಹೇಳುವುದು ಅದನ್ನೇ: ಮಾದರಿ ಎಂದರೆ ಒಂದು ಇಂಜಿನ್ನಿನದಲ್ಲ, ಆ ಇಂಜಿನ್ನಿನ ಒಂದು ದಿನದ್ದು. ಯಾವ ದಿನ ಎಂಬುದರಲ್ಲಿ ನಮ್ಮಿಬ್ಬರಿಗೂ ಹೊಂದಲಿಲ್ಲ.

ಹೆಂಡತಿ ಪಂಚಾಯ್ತಿ ಮಾಡಿದಳು. ಮೇಜಿನ ಮೇಲಿಟ್ಟಾಗ ಹೇಗೂ ಒಂದು ಪಕ್ಕ ಮಾತ್ರ ಕಾಣುವುದು. ಎಡಪಕ್ಕ ನನಗೆ, ಬಲಪಕ್ಕ ಮಾವನಿಗೆ. ಆಸ್ತಿ ಭಾಗದ ಹಾಗೆ ಮುಂದಿನ ಮುಖ ಯಾರಿಗೆ, ಹಿಂದಿನದು ಯಾರಿಗೆ ಎಂದು ಸ್ವಲ್ಪ ಹೊತ್ತು ಎಳೆದಾಡಿ, ಮುಂದಿನದು ಮಾವ ಗೆದ್ದರು. ನೆತ್ತಿಯನ್ನು ಮಾತ್ರ ಕೇಳದೇ ಬಿಟ್ಟುಕೊಟ್ಟರು. “ಅದನ್ನ ನಾವೂ ತೊಳೀತಿರ್ಲಿಲ್ಲ ಬಿಡು.”

ಬಲಪಕ್ಕದ ಬಣ್ಣ ಕೆರೆದು ಹೊಸದಾಗಿ ಹೊಡೆಯುವಾಗ ನನಗೆ ತಿಳಿದದ್ದು, ಕೊಳೆ ಎಷ್ಟು ದೊಡ್ಡ ಉಪಕಾರಿ ಎಂದು. ಪ್ರಿಂಟಿನ ಪದರದ ಗೆರೆಗಳು, ಅಂಟಿನ ಕಲೆ, ಕೂದಲಷ್ಟು ವಾಲಿದ ಕಂಬಿ, ಎಲ್ಲವೂ ಶುಭ್ರವಾದ ಪಕ್ಕದಲ್ಲಿ ಎದ್ದು ಕೂತವು. ಎಡಪಕ್ಕಕ್ಕೆ ಹಿಡಿದದ್ದಕ್ಕಿಂತ ಹೆಚ್ಚು ಕಾಲ ಅದನ್ನು ಉಜ್ಜಿದೆ. ಮಾವ ಅರಸೀಕೆರೆಯಿಂದ ಫೋನಿನಲ್ಲಿ ಮೇಲ್ವಿಚಾರಣೆ ಮಾಡುತ್ತಿದ್ದರು. ಬಾಳೆಕಂದು ಕಟ್ಟಿದ್ಯಾ? ಕಟ್ಟಿದ್ದೆ, ಹಸಿರು ಕಾಗದದ್ದು, ಎರಡೂ ಕಾಲು ಸೆಂಟಿಮೀಟರ್. ಬೂದುಗುಂಬಳ? ಮೆಣಸಿನ ಕಾಳಿಗೆ ಬೂದಿಬಣ್ಣ ಹಚ್ಚಿಟ್ಟಿದ್ದೆ, ಅಳತೆಗೆ ಸರಿಯಾಗಿತ್ತು. ನಿಂಬೆಹಣ್ಣಿನಲ್ಲಿ ಸಿಕ್ಕಿಬಿದ್ದೆ. ಸಾಸಿವೆ ಹಲಸಿನ ಮಿಡಿಯಷ್ಟಾಗುತ್ತದೆ, ರಾಗಿ ಚಕ್ಕೋತ, ಗಸಗಸೆ ಮೂಸಂಬಿ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಸ್ಕೇಲಿಗೆ ಹಿಡಿಯುತ್ತಿದ್ದವನನ್ನು ನೋಡಿ ಹೆಂಡತಿ ಒಂದು ಚಿಟಿಕೆ ಸಣ್ಣ ರವೆಗೆ ಅರಿಶಿನ ಕಲಸಿ ಅಂಗೈಗೆ ಹಾಕಿದಳು. ಒಂದೊಂದು ಕಾಳೂ ಅರ್ಧ ಮಿಲಿಮೀಟರಿನೊಳಗೆ. ನಾಲ್ಕು ಸೆಂಟಿಮೀಟರಿನ ಅಚ್ಚುಕಟ್ಟಾದ ನಿಂಬೆಹಣ್ಣು!

ಆಯುಧಪೂಜೆಗೆ ಮಾವ ಖುದ್ದಾಗಿ ಬಂದರು. ಆರತಿಯಾಯಿತು, ಮೆಣಸಿನ ಕಾಳು ಒಡೆದದ್ದಾಯಿತು. ಮುಂದಿನ ಎರಡು ಚಕ್ರಗಳ ಕೆಳಗೆ ಚಿಮುಟದಿಂದ ನಾನೇ ನಿಂಬೆಹಣ್ಣು ಇಟ್ಟೆ. ಎರಡಕ್ಕೆ ಸಮಾಧಾನವಾಗದೆ ಮಾವ ಇನ್ನಷ್ಟು ಉದುರಿಸಿದರು. ಗುಂಡಿ ತಿರುಗಿಸಿ ಕರೆಂಟು ಬಿಟ್ಟೆ. ಇಂಜಿನ್ನು ಒಂದು ಅಂಗುಲ ಮುಂದೆ ಸರಿಯಿತು, ರವೆಯ ಮೇಲೆ ಹತ್ತಿತು, ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ನಿಂತಲ್ಲೇ ಚಕ್ರಗಳನ್ನು ಗಿರ್ರೆಂದು ತಿರುಗಿಸತೊಡಗಿತು. ನಾನು ಕರೆಂಟು ಏರಿಸಿದೆ.

“ಏರಿಸ್ಬೇಡ್ವೋ, ಏರಿಸ್ಬೇಡ!” ಎಂದು ಮಾವ ಕುರ್ಚಿಯಿಂದ ಎದ್ದೇಬಿಟ್ಟರು. “ನಾಚ್ ಇಳಿಸು! ಸ್ಯಾಂಡ್ ಬಿಡು, ಸ್ಯಾಂಡ್!”

ಹೆಂಡತಿ ರವೆ ಡಬ್ಬಿಯ ಮುಚ್ಚಳ ಹಾಕಿ ಒಳಗೆ ತೆಗೆದುಕೊಂಡು ಹೋದಳು.